ಮನೆ ವೆಲ್ಡಿಂಗ್ ಮೆಷಿನ್ ಸೆಟ್ಟಿಂಗ್: ಕೊಟ್ಟಿಗೆ ಗೇಟ್ ಮಾಡುವಾಗ ಬರೆದಿಟ್ಟ ಲೆಕ್ಕ

ಗೇಟ್ ನಿಂತಿದೆ. ಹಸು ಬಂದು ಮೈ ಉಜ್ಜಿದರೂ ಅಲ್ಲಾಡುತ್ತಿಲ್ಲ. ಸೆಟ್ಟಿಂಗ್ ನಂಬರುಗಳನ್ನು ಒಂದು ಕಡೆ ಬರೆದಿಡೋಣ ಅಂತ ಕೂತೆ, ಬರೀತಾ ಬರೀತಾ ಇಷ್ಟುದ್ದ ಆಯಿತು. ಮಂಡ್ಯ ಪಕ್ಕದ ಹಳ್ಳಿಯಲ್ಲಿ ನಮ್ಮದು ಚಿಕ್ಕ ಕೊಟ್ಟಿಗೆ. ಮನೆ ಕೆಲಸಕ್ಕೆ ಅಂತ ಪುಟ್ಟ ಇನ್ವರ್ಟರ್ ವೆಲ್ಡಿಂಗ್ ಮೆಷಿನ್ ತಗೊಂಡವರೆಲ್ಲ ಕೇಳುವುದು ಒಂದೇ: ಎಷ್ಟು ಆಂಪ್ಸ್ ಕರೆಂಟಿಗೆ ಇಡಬೇಕು? ಉತ್ತರ ಮೂರು ಕಡೆ ಹಂಚಿಹೋಗಿದೆ. ಮೆಷಿನ್ ಹಿಂದೆ ಅಂಟಿಸಿರುವ ಪ್ಲೇಟ್, ಡಬ್ಬದೊಳಗಿನ ಮ್ಯಾನುಯಲ್, ರಾಡ್ (ಕರಗಿ ಬೆಸುಗೆಯಾಗುವ ಲೇಪದ ಕಡ್ಡಿ) ಪ್ಯಾಕೆಟ್. ಮೂರನ್ನೂ ಒಟ್ಟಿಗೆ ಇಟ್ಟು ಓದುವ ತನಕ ನನ್ನ ಕೆಲಸ ಮುಂದಕ್ಕೆ ಹೋಗಲಿಲ್ಲ.

1. ಏನಿತ್ತು, ಏನು ಬೇಕಿತ್ತು

ಹಳೇ ಮರದ ಗೇಟ್ ಗೆದ್ದಲು ತಿಂದಿತ್ತು. ಕಂಬಗಳು ಕಬ್ಬಿಣದವೇ, 40 ಎಂಎಂ ಆಂಗಲ್, 5 ಎಂಎಂ ದಪ್ಪ, ಕಾಂಕ್ರೀಟಿನಲ್ಲಿ ಗಟ್ಟಿಯಾಗಿ ಕೂತಿವೆ. ಅವನ್ನು ಕೀಳುವ ಮಾತಿಲ್ಲ. ಹೊಸ ಗೇಟ್ 4 ಅಡಿ ಅಗಲ, 3½ ಅಡಿ ಎತ್ತರ. ಒಂದಿಂಚಿನ ಸ್ಕ್ವೇರ್ ಪೈಪ್, 16 ಗೇಜ್. ಚೌಕಟ್ಟು, ನಡುವೆ ನಿಂತ ಸರಳುಗಳು, ಓರೆಯಾಗಿ ಒಂದು ಆಧಾರ. ಎಲ್ಲ ಸೇರಿ ಸುಮಾರು 45 ಅಡಿ, ಅಂದರೆ 20 ಅಡಿಯ ಮೂರು ಪೈಪ್ ಸಾಕು.

16 ಗೇಜ್ ಅಂದರೆ 1.6 ಎಂಎಂ ಅಂತ ಲೆಕ್ಕ. ದಪ್ಪ ಅಳೆಯುವ ವರ್ನಿಯರ್ ಹಿಡಿದು ನೋಡಿದರೆ 1.5 ಬಂತು. ಬಿಲ್ಲಿನಲ್ಲಿ ಬರೆದಿರುವ ಗೇಜ್ ನಂಬಿ ಆಂಪ್ಸ್ ಇಡಬೇಡಿ, ಪೈಪ್ ಬಾಯಿಗೆ ವರ್ನಿಯರ್ ಇಟ್ಟು ನೋಡಿ. ತೆಳು ಪೈಪಿಗೆ 0.1 ಎಂಎಂ ಕೂಡ ಗೊತ್ತಾಗುತ್ತದೆ.

ಅಂದರೆ ಒಂದೇ ಗೇಟಿನಲ್ಲಿ ಎರಡು ಥರದ ಕೆಲಸ. 1.5 ಎಂಎಂ ಪೈಪಿಗೆ ಪೈಪ್ ಕೂಡಿಸಬೇಕು, ಆಮೇಲೆ 5 ಎಂಎಂ ಆಂಗಲ್ಲಿಗೆ ಹಿಂಜ್ ಕೂರಿಸಬೇಕು. ಇವೆರಡಕ್ಕೂ ಒಂದೇ ಸೆಟ್ಟಿಂಗ್ ಆಗುವುದಿಲ್ಲ.

ಸಾಮಾನು: 200 ಅಂತ ದೊಡ್ಡದಾಗಿ ಬರೆದಿರುವ ಸಿಂಗಲ್ ಫೇಸ್ ಇನ್ವರ್ಟರ್ ಆರ್ಕ್ ಮೆಷಿನ್, 4 ಇಂಚಿನ ಗ್ರೈಂಡರ್, ತಾನಾಗೇ ಕಪ್ಪಾಗುವ ಹೆಲ್ಮೆಟ್, ಚರ್ಮದ ಗ್ಲೌಸ್, ಚಿಪ್ಪಿಂಗ್ ಹ್ಯಾಮರ್, ತಂತಿ ಬ್ರಷ್, ಮೂಲೆಮಟ್ಟ, ಎರಡು ಸಿ ಕ್ಲಾಂಪ್.

2. ಮೊದಲ ಸುತ್ತು, ಕೇಳಿದ ಹಾಗೆ ಇಟ್ಟಿದ್ದು

ನಮ್ಮ ಬೀದಿ ತಿರುವಿನಲ್ಲಿ ಒಬ್ಬರು ವೆಲ್ಡಿಂಗ್ ಅಣ್ಣ ಇದ್ದಾರೆ. ಎತ್ತಿನಗಾಡಿ, ಟ್ರ್ಯಾಕ್ಟರ್ ಟ್ರೈಲರ್, ಗೇಟ್, ಎಲ್ಲ ಮಾಡುತ್ತಾರೆ. ಕೇಳಿದೆ. "ನೂರಕ್ಕೆ ಮಡಗು ಕಣಪ್ಪ, ಎಲ್ಲಕ್ಕೂ ಅದೇ ಆಯ್ತದೆ" ಅಂದರು.

100ಕ್ಕೆ ಇಟ್ಟೆ. 2.5 ಎಂಎಂ ರಾಡ್. ಪೈಪ್ ಮೂಲೆ ಮೇಲೆ ಆರ್ಕ್ (ರಾಡ್ ತುದಿಗೂ ಕಬ್ಬಿಣಕ್ಕೂ ನಡುವೆ ಉರಿಯುವ ಕಿಡಿ) ಹತ್ತಿತು, ಎರಡು ಸೆಕೆಂಡಿನಲ್ಲಿ ಬೆರಳು ತೂರುವಷ್ಟು ತೂತು. ಇನ್ನೊಂದು ಮೂಲೆ, ಇನ್ನೊಂದು ತೂತು. ಸರಿ, ಜಾಸ್ತಿಯಾಯಿತು ಅಂತ 60ಕ್ಕೆ ಇಳಿಸಿದೆ. ಈಗ ರಾಡ್ ಪೈಪಿಗೆ ಅಂಟಿಕೊಂಡು ಕೆಂಪಗಾಗುತ್ತದೆ, ಬಿಡಿಸಿದರೆ ಲೇಪ ಉದುರುತ್ತದೆ. ಹೇಗೋ ಹತ್ತಿದರೂ ಲೋಹ ಪೈಪಿನೊಳಗೆ ಇಳಿಯದೆ ಮೇಲೇ ಗುಡ್ಡೆಯಾಗಿ ಕೂತಿತು. ಸುತ್ತಿಗೆಯಲ್ಲಿ ಒಂದೇಟು ಹೊಡೆದರೆ ಇಡೀ ತುಂಡು ಕಳಚಿಕೊಂಡಿತು. ಕಿತ್ತುಬಂದ ಜಾಗದಲ್ಲಿ ಪೈಪಿನ ಮೇಲ್ಮೈ ಹೊಳೆಯುತ್ತಲೇ ಇತ್ತು, ಕರಗಿದ ಗುರುತೇ ಇಲ್ಲ.

80ಕ್ಕೆ ಇಟ್ಟೆ. ಬೆಳಗ್ಗೆ ಪರವಾಗಿಲ್ಲ ಅನ್ನುವ ಹಾಗೆ ಬಂತು. ಸಂಜೆ ಅದೇ 80ರಲ್ಲಿ ಆರ್ಕ್ ತಡವರಿಸಿ ತಡವರಿಸಿ ಆರಿಹೋಗುತ್ತಿತ್ತು. ಡಯಲ್ ಮುಟ್ಟಿಲ್ಲ, ರಾಡ್ ಅದೇ, ಪೈಪ್ ಅದೇ. ಇಲ್ಲಿಗೆ ನಿಲ್ಲಿಸಿ ಓದೋಕೆ ಕೂತೆ.

ವೆಲ್ಡಿಂಗ್ ಅಣ್ಣ ಹೇಳಿದ್ದು ಅವರ ಮೆಷಿನ್ನಿಗೆ ಸರಿ. ಅವರದು ಹಳೇ ಆಯಿಲ್ ಕೂಲ್ಡ್ ಟ್ರಾನ್ಸ್‌ಫಾರ್ಮರ್ ಸೆಟ್, ಎಸಿ ಕೊಡುತ್ತದೆ. ಅವರು ಸುಡುವುದು ಹೆಚ್ಚಾಗಿ 10 ನಂಬರ್ ರಾಡ್, ಕೂಡಿಸುವುದು ಆಂಗಲ್ಲು, ಚಾನಲ್ಲು. ನನ್ನದು ಡಿಸಿ ಕೊಡುವ ಇನ್ವರ್ಟರ್, 12 ನಂಬರ್ ರಾಡ್, ತೆಳು ಪೈಪ್. ಮೂರರಲ್ಲಿ ಒಂದೂ ಹೊಂದುತ್ತಿಲ್ಲ.

ಅಂಗಡಿಯಲ್ಲಿ ರಾಡ್ ಕೇಳುವಾಗ ಈ ನಂಬರ್ ಗೊತ್ತಿರಲಿ. 12 ನಂಬರ್ ಅಂದರೆ 2.5 ಎಂಎಂ, 10 ನಂಬರ್ ಅಂದರೆ 3.15, 8 ನಂಬರ್ ಅಂದರೆ 4 ಎಂಎಂ. ನಂಬರ್ ದೊಡ್ಡದಾದಷ್ಟೂ ರಾಡ್ ಸಣ್ಣ.

3. ಮೆಷಿನ್ ಹಿಂದಿನ ಪ್ಲೇಟ್

ಇದನ್ನು ಯಾರೂ ಓದುವುದಿಲ್ಲ ಅಂತ ಕಾಣುತ್ತದೆ. ಅಕ್ಷರವೂ ಅಷ್ಟು ಸಣ್ಣದು, ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಿದೆ.

ಮೊದಲ ಸಾಲು: 20 ಆಂಪ್ಸ್ / 20.8 ವೋಲ್ಟ್‌ನಿಂದ 160 ಆಂಪ್ಸ್ / 26.4 ವೋಲ್ಟ್ ತನಕ. 160! ಮುಂದುಗಡೆ ಬಣ್ಣದಲ್ಲಿ 200 ಅಂತ ಇದೆ, ಡಯಲ್ ಕೂಡ 200ರ ತನಕ ತಿರುಗುತ್ತದೆ. ಹಿಂದುಗಡೆ 160.

ಆ ವೋಲ್ಟೇಜ್ ಎಲ್ಲಿಂದ ಬಂತು ಅಂತ ಮ್ಯಾನುಯಲ್ಲಿನಲ್ಲಿದೆ. ರಾಡ್ ವೆಲ್ಡಿಂಗಿಗೆ ಲೋಡ್ ವೋಲ್ಟೇಜ್ ಅಂದರೆ 20 ಕೂಡಿಸು 0.04 ಇಂಟು ಆಂಪ್ಸ್. 160ನ್ನು 0.04ರಿಂದ ಗುಣಿಸಿದರೆ 6.4, ಅದಕ್ಕೆ 20 ಸೇರಿಸಿದರೆ 26.4. ತಾಳೆ ಆಗುತ್ತದೆ. ನಿಜವಾಗಿ 200 ಆಂಪ್ಸ್ ಕೊಡುವ ಮೆಷಿನ್ ಆಗಿದ್ದರೆ ಅಲ್ಲಿ 28 ವೋಲ್ಟ್ ಅಂತ ಇರಬೇಕಿತ್ತು. ಮೆಷಿನ್ ತಗೊಳ್ಳೋಕೆ ಹೋದಾಗ ಮುಂದಿನ ಹೆಸರು ಬಿಟ್ಟು ಹಿಂದೆ ತಿರುಗಿಸಿ ಈ ಒಂದು ಸಾಲು ನೋಡಿ, ಸಾಕು.

ಅದರ ಕೆಳಗೆ ಎಕ್ಸ್ ಅಂತ ಒಂದು ಸಾಲು. ಡ್ಯೂಟಿ ಸೈಕಲ್. ನನ್ನದರಲ್ಲಿ 160 ಆಂಪ್ಸಿಗೆ 30%, 113ಕ್ಕೆ 60%, 88ಕ್ಕೆ 100%. ಹತ್ತು ನಿಮಿಷವನ್ನು ಒಂದು ಸುತ್ತು ಅಂತ ಇಟ್ಟುಕೊಂಡಿದ್ದಾರೆ. 160ರಲ್ಲಿ ಮೂರು ನಿಮಿಷ ಸುಟ್ಟರೆ ಏಳು ನಿಮಿಷ ಬಿಡಬೇಕು. 113ರಲ್ಲಿ ಆರು ನಿಮಿಷ ಸುಡಬಹುದು, ನಾಲ್ಕು ನಿಮಿಷ ಬಿಡಬೇಕು. 88ರ ಒಳಗೆ ಎಷ್ಟು ಹೊತ್ತಾದರೂ ನಡೆಯುತ್ತದೆ. ಇದೆಲ್ಲ 40 ಡಿಗ್ರಿ ಬಿಸಿಯಲ್ಲಿ ಪರೀಕ್ಷೆ ಮಾಡಿದ ಲೆಕ್ಕ. ಮೆಷಿನ್ನನ್ನು ಬಿಸಿಲಿನಲ್ಲಿ ಇಟ್ಟರೆ ಅದರ ಮೈ ಬಿಸಿ 40ನ್ನೂ ದಾಟುತ್ತದೆ, ಆಗ ಈ ಲೆಕ್ಕ ನಡೆಯುವುದಿಲ್ಲ.

ಇನ್ನೆರಡು ಸಂಖ್ಯೆ ಒಳಗೆ ಬರುವ ಕರೆಂಟಿನವು. ಜಾಸ್ತಿ ಅಂದರೆ 31 ಆಂಪ್ಸ್, ನಡುವಿನ ಬಿಡುವನ್ನೂ ಲೆಕ್ಕಕ್ಕೆ ಹಿಡಿದರೆ 17 ಆಂಪ್ಸ್. ಇದನ್ನು ನೆನಪಿಟ್ಟುಕೊಳ್ಳಿ, ಸಂಜೆಯ ತೊಂದರೆಗೆ ಇದೇ ಬೇಕಾಗುತ್ತದೆ.

4. ರಾಡ್ ಪ್ಯಾಕೆಟ್

ಪ್ಯಾಕೆಟ್ ಮೇಲೆ ಇ 6013 ಅಂತ ಇದೆ, ಅದರ ಜೊತೆಗೆ ಭಾರತೀಯ ಮಾನದಂಡ ಐಎಸ್ 814ರ ಪ್ರಕಾರ ಇಆರ್ 4211. ಗೇಟು, ಗ್ರಿಲ್ಲು ಮಾಡುವವರೆಲ್ಲ ಸುಡುವ ಮಾಮೂಲಿ ರಾಡ್ ಇದೇ. 60 ಅಂದರೆ ಬೆಸುಗೆಯ ಬಲ, ಚದರ ಇಂಚಿಗೆ 60,000 ಪೌಂಡ್. 1 ಅಂದರೆ ಮಲಗಿಸಿ, ನಿಲ್ಲಿಸಿ, ತಲೆ ಮೇಲೆ, ಹೇಗೆ ಬೇಕಾದರೂ ಸುಡಬಹುದು. ಕೊನೆಯ 3 ಲೇಪದ ಜಾತಿಯನ್ನೂ ಯಾವ ಕರೆಂಟ್ ಅನ್ನೋದನ್ನೂ ಹೇಳುತ್ತದೆ. ಈ ರಾಡ್ ಎಸಿಗೂ ಆಗುತ್ತದೆ, ಡಿಸಿಯಲ್ಲಿ ಪ್ಲಸ್, ಮೈನಸ್ ಎರಡಕ್ಕೂ ಆಗುತ್ತದೆ.

ಬೇಕಾದ ಸಾಲು ಕೆಳಗಿತ್ತು. ನನ್ನ ಪ್ಯಾಕೆಟಿನಲ್ಲಿ 2.5 ಎಂಎಂಗೆ 60ರಿಂದ 90 ಆಂಪ್ಸ್, 3.15ಕ್ಕೆ 90ರಿಂದ 130. ಕಂಪನಿ ಬದಲಾದರೆ ಈ ಸಂಖ್ಯೆ ಅಷ್ಟಿಷ್ಟು ಬದಲಾಗುತ್ತದೆ, ನಿಮ್ಮ ಪ್ಯಾಕೆಟ್ ನೋಡಿಕೊಳ್ಳಿ. ಒಂದು ಮಾತು: ಅಂಗಡಿಯವರು ಬಿಡಿ ರಾಡ್ ಕೊಡುತ್ತಾರೆ, ಒಂದು ಹಿಡಿ ಪೇಪರಿನಲ್ಲಿ ಸುತ್ತಿ. ಹಾಗೆ ತಂದರೆ ಈ ಮಾಹಿತಿ ಯಾವುದೂ ಸಿಗುವುದಿಲ್ಲ, ಮೇಲೆ ಅದು ಎಷ್ಟು ದಿನದಿಂದ ತೇವ ಕುಡಿದಿದೆಯೋ ಗೊತ್ತಾಗುವುದಿಲ್ಲ.

ಅದೇ ಪ್ಯಾಕೆಟಿನಲ್ಲಿ ಇನ್ನೊಂದು ಸಾಲು: ತೇವ ಆಗಿದ್ದರೆ 100ರಿಂದ 110 ಡಿಗ್ರಿಯಲ್ಲಿ ಒಂದು ಗಂಟೆ ಒಣಗಿಸಿ. ನನ್ನ ಹತ್ತಿರ ಹಳೇ ರಾಡ್ ಒಂದಷ್ಟು ಇದ್ದವು, ಕೊಟ್ಟಿಗೆ ಅಟ್ಟದ ಮೇಲೆ ಮಳೆಗಾಲ ಕಳೆದವು. ಸುಟ್ಟರೆ ಚಟಪಟ ಅಂತ ಸಿಡಿದು, ಬೆಸುಗೆ ತುಂಬ ಸಣ್ಣ ಸಣ್ಣ ರಂಧ್ರ. ಅಡುಗೆಗೆ ಬಳಸದ ಹಳೇ ಓಟಿಜಿ ಓವನ್ನಿನಲ್ಲಿ ಒಣಗಿಸಿದ ಮೇಲೆ ರಂಧ್ರ ಹೋಯಿತು. ಅಡುಗೆಯ ಓವನ್ ಮುಟ್ಟಬೇಡಿ, ಲೇಪದ ಧೂಳು ಅನ್ನಕ್ಕೆ ಬೀಳಬಾರದು. 7018 ಅನ್ನುವ ಬೇರೆ ಜಾತಿ ರಾಡಿಗೆ ಈ ಬಿಸಿ ಸಾಲದು, ಅದಕ್ಕೆ 250 ಡಿಗ್ರಿಗೂ ಮೇಲೆ ಬೇಕು. ಕೊಟ್ಟಿಗೆ ಗೇಟಿಗೆ ಅದರ ಅಗತ್ಯವೂ ಇಲ್ಲ.

5. ಡಯಲ್ ಅಳೆದಿದ್ದು

ಪ್ಯಾಕೆಟ್ ಪ್ರಕಾರ 60 ಆಂಪ್ಸ್ ಸಾಕು. ಡಯಲ್ 60ರಲ್ಲಿ ಇಟ್ಟರೆ ರಾಡ್ ಅಂಟಿಕೊಳ್ಳುತ್ತಿದೆ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ.

ವೈರಿನ ಸುತ್ತ ಕಚ್ಚಿಸಿ ಆಂಪ್ಸ್ ಓದುವ ಕ್ಲಾಂಪ್ ಮೀಟರ್ ಬೇಕಾಯಿತು. ಇಲ್ಲೊಂದು ಎಚ್ಚರ: ಎಲೆಕ್ಟ್ರಿಷಿಯನ್‌ಗಳ ಹತ್ತಿರ ಇರುವ ಮಾಮೂಲಿ ಕ್ಲಾಂಪ್ ಮೀಟರ್ ಎಸಿ ಮಾತ್ರ ಓದುತ್ತದೆ. ಇನ್ವರ್ಟರ್ ಮೆಷಿನ್ ಹೊರಗೆ ಕೊಡುವುದು ಡಿಸಿ. ಡಿಸಿ ಆಂಪ್ಸ್ ಓದುವ ಕ್ಲಾಂಪೇ ಬೇಕು. ಸೋಲಾರ್ ಪಂಪ್ ಕೂರಿಸುವ ಗೆಳೆಯನ ಹತ್ತಿರ ಇತ್ತು, ತಂದೆ.

5 ಎಂಎಂ ದಪ್ಪದ ಗುಜರಿ ಪಟ್ಟಿ ಮೇಲೆ ನಾನು ಸುಟ್ಟೆ, ಭಾವ ಮೀಟರ್ ನೋಡಿದರು. ಭಾವನಿಗೆ ಒಂದು ಹೆಲ್ಮೆಟ್ ಬಾಡಿಗೆ ತರಬೇಕಾಯಿತು, ಮೀಟರ್ ನೋಡುತ್ತಾ ಇದ್ದರೂ ಪಕ್ಕದಿಂದ ಬೆಳಕು ಹೊಡೆಯುತ್ತದೆ. ಆರ್ಕ್ ಹತ್ತಿಸಿದ ಕ್ಷಣದಲ್ಲಿ ಓದಬೇಡಿ. ಹಾಟ್ ಸ್ಟಾರ್ಟ್ ಅಂತ ಮೆಷಿನ್ ತಾನೇ ಒಂದು ಕ್ಷಣ ಜಾಸ್ತಿ ಕೊಡುತ್ತದೆ. ರಾಡನ್ನು ತೀರ ಹತ್ತಿರ ಒತ್ತಿದರೂ ಆಂಪ್ಸ್ ಏರುತ್ತದೆ, ಅದು ಆರ್ಕ್ ಫೋರ್ಸ್ ಮಾಡುವ ಕೆಲಸ. ಸಮನಾಗಿ ಓಡುವಾಗಿನ ಸಂಖ್ಯೆ ಬರೆದುಕೊಂಡೆವು.

ಡಯಲ್ 60: ಮೀಟರಿನಲ್ಲಿ 49.
ಡಯಲ್ 80: 63.
ಡಯಲ್ 100: 81.
ಡಯಲ್ 120: 97.

ಹೆಚ್ಚೂ ಕಡಿಮೆ ಎಲ್ಲ ಕಡೆ ನೂರಕ್ಕೆ ಎಂಬತ್ತು. 200ಕ್ಕೆ 160 ಅಲ್ವಾ? ಅದೇ ಲೆಕ್ಕ. ಡಯಲ್ ಮೇಲಿನ ಅಂಕಿಗಳನ್ನು ಮುಂದಿನ ಹೆಸರಿಗೆ ತಕ್ಕ ಹಾಗೆ ಹಾಕಿದ್ದಾರೆ, ಒಳಗಿನ ಮೆಷಿನ್ ಹಿಂದಿನ ಪ್ಲೇಟಿಗೆ ತಕ್ಕ ಹಾಗೆ ಓಡುತ್ತದೆ. ನನ್ನ ಗೊಂದಲದ ಅರ್ಧ ಇಲ್ಲೇ ಬಗೆಹರಿಯಿತು. 60ರಲ್ಲಿ ಇಟ್ಟಾಗ ನಿಜವಾಗಿ 49, ಪ್ಯಾಕೆಟ್ ಹೇಳಿದ ಕನಿಷ್ಠಕ್ಕಿಂತಲೂ ಕೆಳಗೆ. ಅಂಟದೆ ಏನು ಮಾಡುತ್ತದೆ ಪಾಪ. 100ರಲ್ಲಿ 81, ಅದು ರಾಡಿಗೆ ಸರಿ, 1.5 ಎಂಎಂ ಪೈಪಿಗೆ ತುಂಬ ಜಾಸ್ತಿ.

ಮೆಷಿನ್ ಮೇಲೆ ಒಂದು ಮಾಸ್ಕಿಂಗ್ ಟೇಪ್ ಅಂಟಿಸಿ ನಿಜವಾದ ಆಂಪ್ಸ್ ಬರೆದೆ. ಮೀಟರ್ ಸಿಗದವರು ಪ್ಲೇಟಿನ ದೊಡ್ಡ ಸಂಖ್ಯೆಯನ್ನು ಡಯಲ್ಲಿನ ದೊಡ್ಡ ಸಂಖ್ಯೆಯಿಂದ ಭಾಗಿಸಿ ಅಂದಾಜು ಮಾಡಿಕೊಳ್ಳಬಹುದು. ಎಲ್ಲ ಮೆಷಿನ್ನಿನಲ್ಲೂ ಇಷ್ಟು ನೇರವಾಗಿ ಬರುತ್ತದೆ ಅಂತ ನಂಬಿ ಕೂರಬೇಡಿ, ಗುಜರಿ ತುಂಡಿನ ಮೇಲೆ ನೋಡಿ. ಡಿಜಿಟಲ್ ಡಿಸ್‌ಪ್ಲೇ ಇರುವುದಕ್ಕೂ ಇದೇ ಮಾತು, ಅಲ್ಲಿ ಕಾಣುವ ಅಂಕಿ ಅಳೆದದ್ದೇ ಆಗಿರಬೇಕು ಅಂತೇನಿಲ್ಲ.

ವೆಲ್ಡಿಂಗ್ ಅಣ್ಣನಿಗೆ ಮೀಟರ್ ತೋರಿಸಿದೆ. "ಓ ಅಂಗಾ, ಮೆಷಿನ್ನೇ ಸುಳ್ಳೇಳ್ತದೆ ಅನ್ನು" ಅಂತ ನಕ್ಕರು. ಅವರ ಸೆಟ್ಟಿನಲ್ಲಿ ಅವರು ಅಂಕಿ ನೋಡುವುದೇ ಇಲ್ಲವಂತೆ, ಸದ್ದು ಕೇಳಿ ತಿರುಗಿಸುತ್ತಾರೆ. ಅಷ್ಟು ವರ್ಷ ಸುಟ್ಟವರಿಗೆ ಅದು ನಡೆಯುತ್ತದೆ, ನನಗೆ ನಡೆಯುವುದಿಲ್ಲ.

6. ಸಂಜೆಯ ತೊಂದರೆ, ಕೇಬಲ್

ಉಳಿದ ಅರ್ಧ ಗೊಂದಲ ಇದು. ಅಡುಗೆಮನೆ ಪಕ್ಕದ 16 ಆಂಪ್ಸ್ ಸಾಕೆಟಿನಿಂದ 30 ಮೀಟರ್ ಎಕ್ಸ್‌ಟೆನ್ಶನ್ ಎಳೆದಿದ್ದೆ. ಗಣೇಶನ ಹಬ್ಬಕ್ಕೆ ಸೀರಿಯಲ್ ಸೆಟ್ ಹಾಕೋಕೆ ತಂದಿದ್ದ ಕೇಬಲ್. ಮೈ ಮೇಲಿನ ಬರಹ ಓದಿದರೆ 1 ಚದರ ಎಂಎಂ.

ಮಲ್ಟಿಮೀಟರ್ ಇಟ್ಟು ನೋಡಿದ್ದು ಸಂಜೆ ಏಳರ ಹೊತ್ತಿಗೆ. ಸಾಕೆಟಿನಲ್ಲಿ ಸುಮ್ನೆ ಇದ್ದಾಗ 218 ವೋಲ್ಟ್. ರಾಡ್ ಸುಡುವಾಗ ಸಾಕೆಟಿನಲ್ಲೇ 213. ಕೇಬಲ್ಲಿನ ಆ ತುದಿಯಲ್ಲಿ, ಮೆಷಿನ್ ಹತ್ತಿರ, 194. ಅಂದರೆ ಕೇಬಲ್ ಒಂದೇ 19 ವೋಲ್ಟ್ ತಿನ್ನುತ್ತಿತ್ತು. ಮ್ಯಾನುಯಲ್ ಹೇಳುವುದು 230 ವೋಲ್ಟ್, 15% ಆಚೀಚೆ ಪರವಾಗಿಲ್ಲ ಅಂತ. ಕೆಳಗಿನ ಮಿತಿ 195.5. ನನ್ನದು ಅದಕ್ಕಿಂತಲೂ ಕೆಳಗೆ. ಬೆಳಗ್ಗೆ ವೋಲ್ಟೇಜ್ ಚೆನ್ನಾಗಿದ್ದಾಗ ಮಿತಿಯ ಒಳಗೇ ಇರುತ್ತಿತ್ತು, ಅದಕ್ಕೇ ಓಡುತ್ತಿತ್ತು.

ಲೆಕ್ಕ ಕೂಡ ತಾಳೆ ಆಗುತ್ತದೆ. 1 ಚದರ ಎಂಎಂ ತಾಮ್ರದ ಮೆತ್ತನೆ ವೈರಿಗೆ ಕಿಲೋಮೀಟರಿಗೆ ಸುಮಾರು 19.5 ಓಮ್. ಹೋಗುವುದು 30 ಮೀಟರ್, ಬರುವುದು 30 ಮೀಟರ್, ಒಟ್ಟು 60ಕ್ಕೆ 1.17 ಓಮ್. ಒಳಗೆ ಬರುವ ಕರೆಂಟ್ ಸುಮಾರು 16 ಆಂಪ್ಸ್. ಗುಣಿಸಿದರೆ 19 ವೋಲ್ಟಿನ ಹತ್ತಿರ. ಕಳೆದುಹೋದ ಆ ವೋಲ್ಟ್ ಎಲ್ಲ ಶಾಖವಾಗಿ ಕೇಬಲ್ಲಿನಲ್ಲೇ ಕೂತಿರುತ್ತದೆ, ಅದರಲ್ಲೂ ನಾನು ಉಳಿದ ಕೇಬಲ್ಲನ್ನು ಸುರುಳಿ ಸುತ್ತಿ ಇಟ್ಟಿದ್ದೆ. ಮುಟ್ಟಿದರೆ ಕೈ ಹಿಂದಕ್ಕೆ ಬಂತು. ಸುರುಳಿ ಬಿಚ್ಚಿ ಹರಡದೆ ಯಾವತ್ತೂ ವೆಲ್ಡಿಂಗ್ ಮೆಷಿನ್ ಓಡಿಸಬೇಡಿ. ಇದು ಕೂಡ ಮ್ಯಾನುಯಲ್ಲಿನಲ್ಲಿದೆ, ಎರಡನೇ ಪುಟದಲ್ಲೇ.

ಮಾಡಿದ್ದು: ಎಲೆಕ್ಟ್ರಿಷಿಯನ್ ಕರೆಸಿ ಮೀಟರ್ ಬೋರ್ಡ್ ಪಕ್ಕ ಬೇರೆ 32 ಆಂಪ್ಸ್ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್), ಸಿ ಕರ್ವ್ (ಶುರುವಿನ ಒಂದು ಕ್ಷಣದ ಏರಿಕೆಗೆ ಬೀಳದ ಜಾತಿ), ಒಂದು ಇಂಡಸ್ಟ್ರಿಯಲ್ ಸಾಕೆಟ್ ಹಾಕಿಸಿದೆ. ಅಲ್ಲಿಂದ 4 ಚದರ ಎಂಎಂ ಮೂರು ಕೋರ್ ಕೇಬಲ್, 20 ಮೀಟರ್. ಈಗ ಸಂಜೆ ಅದೇ ಹೊತ್ತಿನಲ್ಲಿ ಮೆಷಿನ್ ಹತ್ತಿರ 211 ವೋಲ್ಟ್. ಆರ್ಕ್ ತಡವರಿಸುವುದು ಪೂರ್ತಿ ನಿಂತಿತು. ಮೂರನೇ ಕೋರ್ ಅರ್ಥಿಂಗಿಗೆ. ಎರಡು ಪಿನ್ನಿನ ಪ್ಲಗ್ ಹಾಕಿ ಅರ್ಥ್ ವೈರ್ ಕತ್ತರಿಸಿ ಬಿಡುವವರನ್ನು ನೋಡಿದ್ದೇನೆ. ಕೊಟ್ಟಿಗೆಯಲ್ಲಿ ನೆಲ ಯಾವಾಗಲೂ ಒದ್ದೆ, ಅಲ್ಲಿ ಆ ಕೆಲಸ ಬೇಡವೇ ಬೇಡ. ಮನೆಗೆ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ಕರೆಂಟ್ ಬಿಲ್ಲಿನಲ್ಲೇ ಇರುತ್ತದೆ, ಅದನ್ನೂ ಒಮ್ಮೆ ನೋಡಿಕೊಳ್ಳಿ.

7. ಪ್ಲಸ್ಸೋ ಮೈನಸ್ಸೋ

ಮೆಷಿನ್ ಮುಂದೆ ಎರಡು ಕನೆಕ್ಟರ್. ರಾಡ್ ಹಿಡಿಯುವ ಹೋಲ್ಡರನ್ನು ಯಾವುದಕ್ಕೆ ಹಾಕಬೇಕು? ಎಸಿ ಸೆಟ್ಟಿನಲ್ಲಿ ಈ ಪ್ರಶ್ನೆಯೇ ಇಲ್ಲ. ಡಿಸಿಯಲ್ಲಿ ಇದೆ. ಮ್ಯಾನುಯಲ್ ಎರಡೂ ಚಿತ್ರ ಹಾಕಿ, ರಾಡ್ ತಯಾರಕರು ಹೇಳಿದಂತೆ ಮಾಡಿ ಅನ್ನುತ್ತದೆ. ಪ್ಯಾಕೆಟ್ ಎರಡೂ ಆಗುತ್ತದೆ ಅನ್ನುತ್ತದೆ. ತುಂಡು ಪೈಪಿನ ಮೇಲೆ ಎರಡೂ ಸುಟ್ಟು ನೋಡಿದೆ. ಹೋಲ್ಡರ್ ಮೈನಸ್ಸಿಗೆ ಹಾಕಿದರೆ ಪೈಪ್ ಕಡಿಮೆ ಕೊರೆಯುತ್ತದೆ, ತೂತು ಬೀಳುವ ಮುಂಚೆ ಸ್ವಲ್ಪ ಸಮಯ ಸಿಗುತ್ತದೆ. ಪ್ಲಸ್ಸಿಗೆ ಹಾಕಿದರೆ ಜಾಸ್ತಿ ಆಳಕ್ಕೆ ಇಳಿಯುತ್ತದೆ. ಪೈಪಿಗೆ ಮೈನಸ್, ಕಂಬಕ್ಕೆ ಪ್ಲಸ್ ಅಂತ ಇಟ್ಟುಕೊಂಡೆ.

ಕನೆಕ್ಟರ್ ಒಳಗೆ ತೂರಿಸಿ ಬಲಕ್ಕೆ ತಿರುಗಿಸಿ ಬಿಗಿ ಮಾಡಬೇಕು. ಸುಮ್ನೆ ತೂರಿಸಿ ಬಿಟ್ಟರೆ ಒಳಗೆ ಕಿಡಿ ಹಾರಿ ಹಿತ್ತಾಳೆ ಸುಟ್ಟುಹೋಗುತ್ತದೆ.

ಅರ್ಥಿಂಗ್ ಕ್ಲಾಂಪ್ (ಮೆಷಿನ್ನಿನ ಇನ್ನೊಂದು ಕೇಬಲ್ಲಿನ ತುದಿಯಲ್ಲಿದ್ದು, ಸುಡುವ ಕಬ್ಬಿಣಕ್ಕೆ ಕಚ್ಚಿಸುವುದು) ಬಗ್ಗೆ ಒಂದು ಮಾತು. ಡಬ್ಬದ ಜೊತೆ ಬರುವ ಕ್ಲಾಂಪ್ ತೆಳು ತಗಡಿನದು, ಸ್ಪ್ರಿಂಗ್ ಸತ್ತದ್ದು. ತುಕ್ಕಿನ ಮೇಲೋ ಬಣ್ಣದ ಮೇಲೋ ಕಚ್ಚಿಸಿದರೆ ಡಯಲ್ ಎಷ್ಟಿದ್ದರೂ ಆರ್ಕ್ ನಿಲ್ಲುವುದಿಲ್ಲ. ಗ್ರೈಂಡರಿನಲ್ಲಿ ಉಜ್ಜಿ ಬೆಳ್ಳಗೆ ಮಾಡಿ ಅಲ್ಲಿ ಕಚ್ಚಿಸಿ. ಸೆಟ್ಟಿಂಗ್ ತಪ್ಪು ಅಂತ ತಲೆ ಕೆಡಿಸಿಕೊಳ್ಳುವ ಮುಂಚೆ ಇದನ್ನೇ ನೋಡಿ.

8. ಪೈಪ್ ತುಂಡಿನ ಮೇಲೆ ಪರೀಕ್ಷೆ

ಗೇಟಿನ ಪೈಪಿನದೇ ಉಳಿದ ತುಂಡುಗಳು. ಇಲ್ಲಿಂದ ಮುಂದೆ ನಾನು ಬರೆಯುವ ಆಂಪ್ಸ್ ಎಲ್ಲ ಟೇಪ್ ಮೇಲಿನ ನಿಜವಾದ ಆಂಪ್ಸ್, ಡಯಲ್ಲಿನದಲ್ಲ.

75ರಲ್ಲಿ ಸಮತಟ್ಟು ಜಾಗದಲ್ಲಿ ಓಡುತ್ತದೆ, ಮೂಲೆಗೆ ಬಂದ ತಕ್ಷಣ ತೂತು. 70ರಲ್ಲಿ ಕೈ ಚುರುಕಿದ್ದರೆ ಆಗುತ್ತದೆ. 62, 63ರ ಹತ್ತಿರ ನನಗೆ ಸರಿಹೋಯಿತು. ಡಯಲ್ಲಿನಲ್ಲಿ ಅದು 80ಕ್ಕಿಂತ ಕೂದಲೆಳೆ ಕೆಳಗೆ. ಆರ್ಕ್ ಫೋರ್ಸ್ ನಾಬ್ 2ರಲ್ಲಿ. ಅದನ್ನು 6ಕ್ಕೆ ಏರಿಸಿದರೆ ರಾಡ್ ಅಂಟುವುದಿಲ್ಲ ನಿಜ, ಆದರೆ ಹತ್ತಿರ ಒತ್ತಿದಾಗೆಲ್ಲ ಆಂಪ್ಸ್ ಏರಿ ತೆಳು ಪೈಪ್ ಕೊರೆದುಹೋಗುತ್ತದೆ.

ಆಂಪ್ಸ್ ಸರಿಯಾದ ಮೇಲೂ ತೂತು ಬೀಳುವ ಕಾರಣ ಒಂದು ಉಳಿದಿತ್ತು, ಸಂದು. ಕಟಿಂಗ್ ವೀಲಿನಲ್ಲಿ ಕೈಯಳತೆಯಲ್ಲಿ 45 ಡಿಗ್ರಿ ಕತ್ತರಿಸಿದ ಮೂಲೆಗಳಲ್ಲಿ 2 ಎಂಎಂ ಸಂದು ಇತ್ತು. ಪೈಪ್ ದಪ್ಪವೇ 1.5, ಸಂದು 2. ಯಾವ ಸೆಟ್ಟಿಂಗೂ ಅದನ್ನು ತುಂಬುವುದಿಲ್ಲ. ಮೂಲೆಗಳನ್ನು ಮತ್ತೆ ಉಜ್ಜಿ, ಒಂದಕ್ಕೊಂದು ಒತ್ತಿಕೊಂಡು ಕೂರುವ ಹಾಗೆ ಮಾಡಿದೆ. ಇದಕ್ಕೆ ಹಿಡಿದ ಸಮಯ ಸುಟ್ಟ ಸಮಯಕ್ಕಿಂತ ಜಾಸ್ತಿ.

ಇನ್ನೊಂದು, ಉದ್ದಕ್ಕೆ ಎಳೆಯಬೇಡಿ. ಒಂದು ಸೆಂಟಿಮೀಟರ್ ಸುಟ್ಟು, ಎತ್ತಿ, ಕೆಂಪು ಆರುವ ತನಕ ಕಾಯ್ದು, ಮತ್ತೆ ಒಂದು ಸೆಂಟಿಮೀಟರ್. ಮೇಲಿಂದ ಕೆಳಕ್ಕೆ ಎಳೆದರೆ ತೆಳು ಪೈಪಿಗೆ ಒಳ್ಳೆಯದು, ಬಿಸಿ ಕಡಿಮೆ ಇಳಿಯುತ್ತದೆ. ಪರೀಕ್ಷೆ ತುಂಡನ್ನು ವೈಸಿಗೆ ಕಚ್ಚಿಸಿ ಸುತ್ತಿಗೆಯಲ್ಲಿ ಬಡಿದೆ. ಪೈಪ್ ಮಡಚಿತು, ಬೆಸುಗೆ ಬಿಡಲಿಲ್ಲ. ಆಮೇಲೇ ಗೇಟಿಗೆ ಕೈ ಹಾಕಿದ್ದು.

9. ಗೇಟ್

ಸಮತಟ್ಟಾದ ಜಾಗ ಅಂತ ಕಣದ ಸಿಮೆಂಟ್ ನೆಲ. ನೆಲಕ್ಕೆ ತಾಗದ ಹಾಗೆ ಕೆಳಗೆ ಆಂಗಲ್ ತುಂಡುಗಳು, ಸಿಮೆಂಟ್ ಮೇಲೆ ನೇರ ಬಿಸಿ ಬಿದ್ದರೆ ಚಕ್ಕೆ ಎದ್ದು ಸಿಡಿಯುತ್ತದೆ. ನಾಲ್ಕು ಮೂಲೆಗೂ ಟ್ಯಾಕ್ (ಹಿಡಿದು ನಿಲ್ಲುವಷ್ಟೇ ಚುಕ್ಕೆ ಬೆಸುಗೆ) ಹಾಕಿ ಮೂಲೆಯಿಂದ ಮೂಲೆಗೆ ಅಳೆದೆ. 4 ಅಡಿ, 3½ ಅಡಿಗೆ ಎರಡೂ ಕರ್ಣ 1,620 ಎಂಎಂ ಬರಬೇಕು. ಬಂತು. ಒಂದು ಮೂಲೆ ಪೂರ್ತಿ ಸುಟ್ಟು ಮತ್ತೆ ಅಳೆದರೆ 6 ಎಂಎಂ ವ್ಯತ್ಯಾಸ. ಬೆಸುಗೆ ಆರುವಾಗ ಎಳೆದುಕೊಳ್ಳುತ್ತದೆ. ಆ ಟ್ಯಾಕ್‌ಗಳನ್ನು ಕತ್ತರಿಸಿ ಸರಿಮಾಡಿ, ಈ ಸಲ ಎಲ್ಲ ಸರಳುಗಳನ್ನೂ ಟ್ಯಾಕ್ ಹಾಕಿ, ಎದುರುಬದುರು ಮೂಲೆಗಳನ್ನು ಸ್ವಲ್ಪ ಸ್ವಲ್ಪವೇ ಸುಡುತ್ತಾ ಬಂದೆ. ಕೊನೆಗೆ 2 ಎಂಎಂ ಉಳಿಯಿತು. ಕೊಟ್ಟಿಗೆಗೆ ಸಾಕು.

ಮಧ್ಯಾಹ್ನ ಹಳದಿ ಲೈಟ್ ಹತ್ತಿ ಮೆಷಿನ್ ನಿಂತಿತು. 63 ಆಂಪ್ಸ್ ಅಂದರೆ 100% ಡ್ಯೂಟಿ, ನಿಲ್ಲುವ ಕಾರಣವೇ ಇಲ್ಲ. ಆದರೆ ಮೆಷಿನ್ ಬಿಸಿಲಿನಲ್ಲಿತ್ತು, ಹಿಂದಿನ ಫ್ಯಾನ್ ಗೋಡೆಗೆ ಒತ್ತಿಕೊಂಡಿತ್ತು, ಗ್ರೈಂಡರಿನ ಧೂಳು ನೇರ ಅದರೊಳಕ್ಕೆ. ಸ್ವಿಚ್ ಆಫ್ ಮಾಡದೆ ಫ್ಯಾನ್ ಓಡಲು ಬಿಟ್ಟೆ, ಆಫ್ ಮಾಡಿದರೆ ಬಿಸಿ ಒಳಗೇ ಉಳಿಯುತ್ತದೆ. ಲೈಟ್ ಆರಿದ ಮೇಲೆ ಹುಣಸೆ ಮರದ ನೆರಳಿಗೆ ಎತ್ತಿಟ್ಟೆ, ಗ್ರೈಂಡರ್ ಕೆಲಸವನ್ನು ಇನ್ನೊಂದು ಮೂಲೆಗೆ ಹಾಕಿದೆ. ಆಮೇಲೆ ಆ ಲೈಟ್ ಹತ್ತಲಿಲ್ಲ.

10. ಕಂಬ, ಹಿಂಜ್

ಇಲ್ಲಿ 3.15 ರಾಡ್. ಮೊದಲು ಡಯಲ್ಲನ್ನೇ ನೋಡಿ 110ಕ್ಕೆ ಇಟ್ಟಿದ್ದ ದಿನ ಹಿಂಜ್ ಕೈಯಲ್ಲೇ ಬಿಟ್ಟು ಬಂದಿತ್ತು, ನಿಜವಾಗಿ ಅದು 88, ಪ್ಯಾಕೆಟಿನ ಕನಿಷ್ಠಕ್ಕೂ ಕಡಿಮೆ. ಈಗ ನಿಜವಾದ 110, ಅಂದರೆ ಡಯಲ್ 137ರ ಹತ್ತಿರ. ಹೋಲ್ಡರ್ ಪ್ಲಸ್ಸಿಗೆ. ಆಂಗಲ್ ಮೇಲಿನ ಹಳೇ ಬಣ್ಣ, ತುಕ್ಕು ಎಲ್ಲ ಉಜ್ಜಿ ತೆಗೆದೆ. ಹಿಂಜ್ ಪಿನ್ ಜಿಐ (ಸತುವಿನ) ಲೇಪದ್ದು, ಬೆಸುಗೆ ಬೀಳುವ ಜಾಗದಲ್ಲಿ ಆ ಲೇಪವನ್ನೂ ಉಜ್ಜಿ ತೆಗೆಯಬೇಕು. ಸುಟ್ಟರೆ ಬಿಳಿ ಹೊಗೆ ಬರುತ್ತದೆ, ಸತುವಿನದು, ಕುಡಿದರೆ ರಾತ್ರಿ ಚಳಿಜ್ವರ. ಗಾಳಿ ಬೆನ್ನಿಂದ ಬೀಸುವ ಹಾಗೆ ನಿಂತೆ.

ಹೆಲ್ಮೆಟ್ ಶೇಡ್ (ಗಾಜು ಎಷ್ಟು ಕಪ್ಪಾಗಬೇಕು ಅನ್ನುವ ಅಂಕಿ) ಪೈಪಿಗೆ 10 ಇಟ್ಟಿದ್ದೆ, ಇಲ್ಲಿ 11.

ದಪ್ಪ ಆಂಗಲ್ಲಿಗೆ ತೆಳು ಪೈಪ್ ಸೇರುವ ಕಡೆ ಆರ್ಕನ್ನು ಆಂಗಲ್ ಕಡೆಗೇ ಹಿಡಿದು, ಕರಗಿದ ಲೋಹವನ್ನು ಪೈಪಿಗೆ ತಾಗಿಸಿಕೊಂಡು ಬರಬೇಕು. ಸಮನಾಗಿ ಹಿಡಿದರೆ ಪೈಪ್ ಮಾಯ. ಅದಕ್ಕೇ ಹಿಂಜಿಗೂ ಪೈಪಿಗೂ ನಡುವೆ 5 ಎಂಎಂ ಫ್ಲಾಟ್ ತುಂಡು ಹಾಕಿದೆ. ಫ್ಲಾಟನ್ನು ಪೈಪಿಗೆ 2.5 ರಾಡಿನಲ್ಲಿ, ಹಿಂಜನ್ನು ಫ್ಲಾಟಿಗೆ 3.15ರಲ್ಲಿ.

ಹಸುಗಳನ್ನು ಆಚೆ ಕಟ್ಟಿ, ಹುಲ್ಲಿನ ಮೆದೆಗೆ ಒದ್ದೆ ಗೋಣಿ ಹೊದಿಸಿ, ಎರಡು ಬಕೆಟ್ ನೀರು ಪಕ್ಕದಲ್ಲಿ. ಕೆಲಸ ಮುಗಿದ ಮೇಲೂ ಒಂದು ಗಂಟೆ ಅಲ್ಲೇ ಕೂತಿದ್ದೆ, ಕಿಡಿ ಹುಲ್ಲಿನೊಳಗೆ ಹೋಗಿ ನಿಧಾನಕ್ಕೆ ಹತ್ತುತ್ತದೆ.

ಖರ್ಚು

ಮೆಷಿನ್ 7,200. ಹೆಲ್ಮೆಟ್ 1,100. ಪೈಪ್ ಮೂರು ಸೇರಿ ಸುಮಾರು 21 ಕೆಜಿ, 1,640. ರಾಡ್ ಎರಡೂ ಸೈಜು 780. ಹಿಂಜ್, ಫ್ಲಾಟ್ 350. ಕಟಿಂಗ್ ವೀಲ್, ಗ್ರೈಂಡಿಂಗ್ ವೀಲ್ 260. ರೆಡ್ ಆಕ್ಸೈಡ್, ಎನಾಮೆಲ್, ಬ್ರಷ್ 540. ಕೇಬಲ್, ಎಂಸಿಬಿ, ಸಾಕೆಟ್, ಎಲೆಕ್ಟ್ರಿಷಿಯನ್ ಕೂಲಿ ಎಲ್ಲ ಸೇರಿ 5,900. ಇದೇ ಗೇಟನ್ನು ಮಾಡಿಸಿದ್ದರೆ ಐದು ಸಾವಿರದೊಳಗೆ ಮುಗಿಯುತ್ತಿತ್ತು, ಹಾಗಾಗಿ ಉಳಿತಾಯ ಅಂತ ಯಾರಿಗೂ ಹೇಳುವುದಿಲ್ಲ. ಮೆಷಿನ್ ತಗೊಳ್ಳುವಾಗ ಕೇಬಲ್ ಖರ್ಚನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ನೀವು ಹಿಡಿಯಿರಿ.

ಉಳಿದ ಕೆಲಸ

ಕೋಳಿ ನುಗ್ಗದ ಹಾಗೆ ಗೇಟಿನ ಕೆಳಭಾಗಕ್ಕೆ ಶೀಟ್ ಹಾಕಬೇಕು. ತಂದಿರುವುದು 20 ಗೇಜ್, ಒಂದು ಎಂಎಂ ಕೂಡ ಇಲ್ಲ. ಉಳಿದ ತುಂಡಿನ ಮೇಲೆ 2.5 ರಾಡಿನಲ್ಲಿ 55 ಆಂಪ್ಸಿಗೆ ಇಳಿಸಿ ನೋಡಿದೆ, ಅಂಟುತ್ತದೆ ಇಲ್ಲವೇ ತೂತಾಗುತ್ತದೆ, ನಡುವೆ ಏನೂ ಇಲ್ಲ. ಮ್ಯಾನುಯಲ್ಲಿನ ಟೇಬಲ್ಲೂ 1.5 ಎಂಎಂನಿಂದಲೇ ಶುರುವಾಗುತ್ತದೆ. ಡ್ರಿಲ್ ಹಾಕಿ ಪಾಪ್ ರಿವೆಟ್ ಹೊಡೆಯುತ್ತೇನೆ.